ಮೋಟರ್ ಸ್ಟಾರ್ಟರ್ ಫರ್ಮ್‌ವೇರ್: ರಸ್ಟ್ ಸಾಕಾ, ಸೆಷನ್ ಟೈಪ್ ಕೂಡ ಬೇಕಾ?

ಮದ್ದೂರು_ಸ್ಟಾರ್ಟರ್

ಎಲ್ಲರಿಗೂ ನಮಸ್ಕಾರ. ಪಂಪ್‌ಸೆಟ್‌ಗೆ ಹಾಕುವ ಮೊಬೈಲ್ ಸ್ಟಾರ್ಟರ್ ಮಾಡುವ ಒಂದು ಚಿಕ್ಕ ಕಂಪನಿಯಲ್ಲಿ ಫರ್ಮ್‌ವೇರ್ ನೋಡಿಕೊಳ್ಳುತ್ತೇನೆ. ತ್ರೀ ಫೇಸ್ ಕರೆಂಟ್ ಬಂದ ತಕ್ಷಣ ರೈತರಿಗೆ ಎಸ್ಸೆಮ್ಮೆಸ್ ಹೋಗಬೇಕು. ಅವರು ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಆನ್ ಆಗಬೇಕು. ಡ್ರೈ ರನ್ ಆದರೆ ತಾನಾಗಿ ನಿಲ್ಲಬೇಕು. ಒಳಗೆ 64 ಕೆಬಿ ಫ್ಲ್ಯಾಶ್, 20 ಕೆಬಿ ರ್‍ಯಾಮ್ ಇರುವ ಚಿಪ್, ಪಕ್ಕದಲ್ಲಿ ಒಂದು ಸಿಮ್ ಮಾಡ್ಯೂಲ್ (ಮೋಡೆಮ್). ಕೋಡ್ ಎಲ್ಲ ಸಿ ಭಾಷೆ, ಹಲವು ಟಾಸ್ಕ್‌ಗಳನ್ನು ಸರದಿಯಲ್ಲಿ ಓಡಿಸುವ ಫ್ರೀಆರ್‌ಟಿಓಎಸ್ ಮೇಲೆ ಓಡುತ್ತದೆ.

ತೊಂದರೆ ಇದು. ಕೊಪ್ಪದ ಕಡೆಯ ಒಬ್ಬ ರೈತರಿಗೆ "ಕರೆಂಟ್ ಬಂದಿದೆ" ಅನ್ನೋ ಮೆಸೇಜಿನ ಬಾಲಕ್ಕೆ "ಎಟಿ+ಸಿಎಸ್‌ಕ್ಯೂ" ಅಂತ ಸೇರಿಕೊಂಡು ಹೋಯಿತು. ಅವರು ಫೋನ್ ಮಾಡಿ "ಇದ್ಯಾವ ಸ್ಕೀಮು ಸ್ವಾಮಿ, ಅರ್ಜಿ ಹಾಕಬೇಕಾ?" ಅಂತ ಕೇಳಿದರು.

ಎಸ್ಸೆಮ್ಮೆಸ್ ಕಳಿಸಲು ಮೊದಲು ಎಟಿ+ಸಿಎಂಜಿಎಸ್ ಜೊತೆ ನಂಬರ್ ಕೊಡಬೇಕು. ಮೋಡೆಮ್ '>' ಚಿಹ್ನೆ ತೋರಿಸುವ ತನಕ ಕಾಯಬೇಕು. ಆಮೇಲೆ ಮೆಸೇಜು, ಕೊನೆಗೆ ಕಂಟ್ರೋಲ್-ಝಡ್. '>' ಬಂದಾದ ಮೇಲೆ ಕಂಟ್ರೋಲ್-ಝಡ್ ಸಿಗುವವರೆಗೆ ನೀವು ಏನು ಕಳಿಸಿದರೂ ಮೋಡೆಮ್ ಅದನ್ನು ಮೆಸೇಜ್ ಅಂತಲೇ ತಿಳಿಯುತ್ತದೆ. ಸಿಗ್ನಲ್ ಎಷ್ಟಿದೆ ಅಂತ ನೋಡುವ ಇನ್ನೊಂದು ಟಾಸ್ಕ್ ಸರಿಯಾಗಿ ಅದೇ ಹೊತ್ತಿಗೆ ಎದ್ದು ತನ್ನ ಕಮಾಂಡ್ ತುರುಕಿದೆ.

ಯುಎಆರ್‌ಟಿಗೆ (ಚಿಪ್‌ನಿಂದ ಮೋಡೆಮ್‌ಗೆ ಅಕ್ಷರ ಹೋಗುವ ದಾರಿ) ಮ್ಯೂಟೆಕ್ಸ್, ಅಂದರೆ ಒಂದು ಸಲಕ್ಕೆ ಒಬ್ಬರನ್ನೇ ಬಿಡುವ ಬೀಗ, ಇದೆ. ಆದರೂ ಹೀಗಾಯಿತು. ಮೈಸೂರಿನ ಒಬ್ಬ ಗೆಳೆಯ "ರಸ್ಟ್ ಭಾಷೆಗೆ ಹೋಗಿ" ಅಂದ. ಇನ್ನೊಬ್ಬರು "ಸೆಷನ್ ಟೈಪ್ ಬಗ್ಗೆ ಓದಿ" ಅಂದರು, ಮಾತುಕತೆಯ ಸರದಿಯನ್ನೇ ಟೈಪ್ ಆಗಿ ಬರೆಯುವುದಂತೆ. ಈ ರೋಗಕ್ಕೆ ಎರಡರಲ್ಲಿ ಯಾವುದು ಮದ್ದು?

ಹೂಟಗಳ್ಳಿ_ಸಿ

ಭಾಷೆ ಬದಲಿಸುವ ಮುಂಚೆ ಮ್ಯೂಟೆಕ್ಸ್ ಎಲ್ಲಿ ಹಾಕಿದ್ದೀರಿ ನೋಡಿ. ಬರೆಯುವ ಫಂಕ್ಷನ್ ಒಳಗೆ ಲಾಕ್ ಹಿಡಿದು ಅಲ್ಲೇ ಬಿಡುತ್ತಿದ್ದೀರಿ, ಅಲ್ವಾ? ಹಾಗಾದರೆ ಎರಡು ಸಾಲಿನ ಅಕ್ಷರಗಳು ಕಲಸಿಕೊಳ್ಳುವುದಿಲ್ಲ, ಅಷ್ಟೇ. ಒಂದು ಮಾತುಕತೆ ಶುರುವಾಗಿ ಮುಗಿಯುವ ತನಕ ಲಾಕ್ ಇರಬೇಕು. ಇಲ್ಲದಿದ್ದರೆ ಮೋಡೆಮ್‌ಗೆ ಅಂತ ಒಂದೇ ಟಾಸ್ಕ್ ಇಡಿ, ಉಳಿದವರು ಕ್ಯೂಗೆ ಹಾಕಿ ಕಾಯಲಿ. ಮೀಟರ್ ಬೋರ್ಡುಗಳಲ್ಲಿ ನಾವು ಇದನ್ನೇ ಮಾಡಿಕೊಂಡು ಬಂದಿದ್ದೇವೆ. ರಸ್ಟು ಗಿಸ್ಟು ಎಲ್ಲ ಬೆಂಗಳೂರಿನ ಷೋಕಿ.

ಮದ್ದೂರು_ಸ್ಟಾರ್ಟರ್

ಹೌದು ಸರ್, ಸಾಲಿಗೊಂದು ಲಾಕ್ ಇತ್ತು. ಈಗ ಮೋಡೆಮ್‌ಗೆ ಒಂದೇ ಟಾಸ್ಕ್ ಮಾಡಿದ್ದೇವೆ, ಅದು ಸರಿಹೋಗಿದೆ. ಆದರೆ ನಾಳೆ ಹೊಸ ಹುಡುಗನೊಬ್ಬ ಸೇರಿ, ಕ್ಯೂ ಬಿಟ್ಟು ನೇರವಾಗಿ ಯುಎಆರ್‌ಟಿ ಫಂಕ್ಷನ್ ಕರೆದರೆ? ಕಾಮೆಂಟಿನಲ್ಲಿ "ದಯವಿಟ್ಟು ಕರೆಯಬೇಡಿ" ಅಂತ ಬರೆದಿದ್ದೇವೆ. ಕಾಮೆಂಟನ್ನು ಕಂಪೈಲರ್ ಓದಲ್ಲವಲ್ಲ.

ಕುವೆಂಪುನಗರ_ಏಡಿ

ಸಿ ಭಾಷೆಯಲ್ಲಿ ಮ್ಯೂಟೆಕ್ಸ್ ಬೇರೆ, ಅದು ಕಾಯಬೇಕಾದ ವಸ್ತು ಬೇರೆ. ಯಾವ ಬೀಗ ಯಾವ ಬಾಗಿಲಿನದು ಅಂತ ಕಂಪೈಲರ್‌ಗೆ ಗೊತ್ತೇ ಇರುವುದಿಲ್ಲ. ರಸ್ಟ್‌ನಲ್ಲಿ ವಸ್ತು ಮ್ಯೂಟೆಕ್ಸ್ ಒಳಗೇ ಇರುತ್ತದೆ. ಲಾಕ್ ಹಿಡಿದಾಗ ಒಂದು ಗಾರ್ಡ್ ಸಿಗುತ್ತದೆ. ಆ ಗಾರ್ಡ್ ಇಲ್ಲದೆ ವಸ್ತುವನ್ನು ಮುಟ್ಟಲು ದಾರಿಯೇ ಇಲ್ಲ.

ನಿಮ್ಮ ಕೇಸಿಗೆ ಅದಕ್ಕಿಂತ ಸರಳ ದಾರಿ ಇದೆ. ಯುಎಆರ್‌ಟಿಯ ಓನರ್‌ಶಿಪ್ಪನ್ನೇ ಮೋಡೆಮ್ ಟಾಸ್ಕ್‌ಗೆ ಕೊಟ್ಟುಬಿಡಿ. ಜಮೀನು ರಿಜಿಸ್ಟರ್ ಆಗಿ ಪಹಣಿಯಲ್ಲಿ ಹೆಸರು ಬದಲಾದ ಮೇಲೆ ಹಳೇ ಮಾಲೀಕ ಅಲ್ಲಿ ಉಳುವ ಹಾಗಿಲ್ಲ. ಇಲ್ಲೂ ಹಾಗೇ. ಕೊಟ್ಟ ಮೇಲೆ ಹಳೇ ಹೆಸರಿನಿಂದ ಮುಟ್ಟಲು ಹೋದರೆ ಕಂಪೈಲರ್ ಇ0382 ಅನ್ನುವ ಎರರ್ ಕೊಟ್ಟು ನಿಲ್ಲಿಸುತ್ತದೆ. ಓಡುವಾಗ ಅಲ್ಲ, ಕಂಪೈಲ್ ಮಾಡುವಾಗಲೇ. ಸ್ವಲ್ಪ ಹೊತ್ತಿಗೆ ಸಾಲ ಕೊಡಬಹುದು. ಓದುವವರು ಎಷ್ಟು ಜನ ಬೇಕಾದರೂ ಇರಬಹುದು, ಇಲ್ಲ ಬರೆಯುವವರು ಒಬ್ಬರೇ ಇರಬಹುದು. ಎರಡೂ ಒಟ್ಟಿಗೆ ಇಲ್ಲ. ಒಂದು ವಸ್ತುವನ್ನು ಬೇರೆ ಥ್ರೆಡ್‌ಗೆ (ನಿಮ್ಮ ಟಾಸ್ಕ್ ಇದ್ದ ಹಾಗೆ) ಕಳಿಸಬಹುದಾ ಅನ್ನುವುದನ್ನೂ ಟೈಪೇ ಹೇಳುತ್ತದೆ. ಅದಕ್ಕೆ ಸೆಂಡ್, ಸಿಂಕ್ ಅಂತ ಎರಡು ಗುರುತುಗಳಿವೆ. ಒಂದು ವಸ್ತುವನ್ನು ಎಷ್ಟು ಕಡೆ ಹಿಡಿದಿದ್ದಾರೆ ಅಂತ ಎಣಿಸುವ ಆರ್‌ಸಿ ಅನ್ನುವ ಪಾಯಿಂಟರ್‌ನ ಎಣಿಕೆ ಅಟಾಮಿಕ್ ಅಲ್ಲ (ಎರಡು ಥ್ರೆಡ್ ಒಟ್ಟಿಗೆ ಬದಲಿಸಿದರೆ ಲೆಕ್ಕ ತಪ್ಪಬಹುದು), ಅದಕ್ಕೇ ಅದು ಸೆಂಡ್ ಅಲ್ಲ. ಥ್ರೆಡ್ ದಾಟಿಸಲು ಹೋದರೆ ಕಂಪೈಲ್ ಆಗುವುದಿಲ್ಲ. ಎಣಿಕೆ ಅಟಾಮಿಕ್ ಆಗಿರುವ ಆರ್ಕ್ ಬಳಸಿದರೆ ಆಗುತ್ತದೆ. ಹೀಗೆ ಸೇಫ್ ಕೋಡ್‌ನಲ್ಲಿ ಡೇಟಾ ರೇಸ್ (ಒಬ್ಬರು ಬರೆಯುತ್ತಿರುವ ಮೆಮೊರಿಯನ್ನು ಅದೇ ಹೊತ್ತಿಗೆ ಇನ್ನೊಬ್ಬರು ಮುಟ್ಟುವುದು) ಅನ್ನುವುದೇ ಉಳಿಯುವುದಿಲ್ಲ. ಓಡುವಾಗ ಬೇಡದ ಮೆಮೊರಿ ಹುಡುಕಿ ತೆಗೆಯುವ ಗಾರ್ಬೇಜ್ ಕಲೆಕ್ಟರ್ ಇಲ್ಲ. ನಿಮ್ಮ 20 ಕೆಬಿಯಲ್ಲಿ ಆರಾಮಾಗಿ ಕೂರುತ್ತದೆ.

ಷೋಕಿ ಅಂದವರಿಗೆ: ತನ್ನ ಸೆಕ್ಯುರಿಟಿ ದೋಷಗಳಲ್ಲಿ ಸುಮಾರು 70% ಮೆಮೊರಿ ತಪ್ಪುಗಳಿಂದ ಬಂದವು ಅಂತ ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಮರುವರ್ಷ ಕ್ರೋಮ್ ತಂಡವೂ ತನ್ನ ಗಂಭೀರ ದೋಷಗಳ ಬಗ್ಗೆ ಹೆಚ್ಚೂಕಡಿಮೆ ಅದೇ ಲೆಕ್ಕ ಕೊಟ್ಟಿತು. ಆಂಡ್ರಾಯ್ಡ್‌ನಲ್ಲಿ ಹೊಸ ಕೋಡನ್ನು ಸೇಫ್ ಭಾಷೆಗಳಲ್ಲಿ ಬರೆಯಲು ಶುರುಮಾಡಿದ ಮೇಲೆ ಆ ಪಾಲು 2019ರ 76% ಇಂದ 2024ಕ್ಕೆ 24%ಗೆ ಇಳಿಯಿತು ಅಂತ ಗೂಗಲ್ ಹೇಳಿದೆ. ಲಿನಕ್ಸ್ ಕರ್ನಲ್ ಕೂಡ 2022ರ ಕೊನೆಯಲ್ಲಿ 6.1 ಆವೃತ್ತಿಯಿಂದ ರಸ್ಟ್‌ಗೆ ಬಾಗಿಲು ತೆರೆಯಿತು.

ಪಾಂಡವಪುರ_ಪುಟ್ಟ

ಪಹಣಿ ಉದಾಹರಣೆ ಮಾತ್ರ ಬೇಡ ಗುರೂ. ನಮ್ಮೂರಲ್ಲಿ ಒಂದೇ ಸರ್ವೆ ನಂಬರಿಗೆ ಮೂರು ಜನ ಓನರ್‌ಗಳು ಕೋರ್ಟಲ್ಲಿ ಕೂತಿದ್ದಾರೆ.

ಕುವೆಂಪುನಗರ_ಏಡಿ

ಅದು ಅನ್‌ಸೇಫ್ ಬ್ಲಾಕು ಕಣಪ್ಪ, ಕಂಪೈಲರ್ ಪೂರ್ತಿ ಪರೀಕ್ಷಿಸದ ಜಾಗ. ರಸ್ಟ್‌ನಲ್ಲೂ ಇದೆ. ಅದರೊಳಗೆ ನಡೆಯುವುದಕ್ಕೆ ಬರೆದವನೇ ಜವಾಬ್ದಾರ.

ಗಂಗೋತ್ರಿ_ಮೇಷ್ಟ್ರು

ಏಡಿಯವರು ಹೇಳಿದ್ದೆಲ್ಲ ಸರಿ. ಆದರೆ ಮದ್ದೂರಿನವರ ತೊಂದರೆಯಲ್ಲಿ ಮೆಮೊರಿ ಎಲ್ಲಿ ಕೆಟ್ಟಿತು? ಒಂದು ಬೈಟೂ ಕೆಟ್ಟಿಲ್ಲ. ಸೇಫ್ ರಸ್ಟ್‌ನಲ್ಲಿ, ಸಾಲಿಗೊಂದು ಲಾಕ್ ಹಾಕಿ ಬರೆದಿದ್ದರೂ ರೈತರಿಗೆ ಅದೇ ಮೆಸೇಜ್ ಹೋಗುತ್ತಿತ್ತು. ಡೇಟಾ ರೇಸ್ ಇಲ್ಲದೆಯೂ ಸರದಿ ತಪ್ಪಬಹುದು. ಯಾರು ಮುಟ್ಟಬಹುದು ಅನ್ನುವುದು ಒಂದು ಪ್ರಶ್ನೆ. ಈಗ ಏನು ಹೇಳಬಹುದು ಅನ್ನುವುದು ಬೇರೆಯೇ ಪ್ರಶ್ನೆ.

ಈ ಎರಡನೆಯದಕ್ಕೆ ಟೈಪ್ ಕೊಡಲು ಹೊರಟವರು ಕೊಹೇ ಹೋಂಡಾ, 1993ರಲ್ಲಿ. ಆಗ ತಾನೇ ಮಿಲ್ನರ್, ಪ್ಯಾರೋ, ವಾಕರ್ ಅವರ ಪೈ ಕ್ಯಾಲ್ಕುಲಸ್ ಬಂದಿತ್ತು. ಪ್ರೋಗ್ರಾಮುಗಳು ಚಾನೆಲ್ ಮೂಲಕ ಮಾತಾಡುವುದನ್ನು ಗಣಿತದಲ್ಲಿ ಬರೆಯಲು ಒಂದು ಭಾಷೆ ಸಿಕ್ಕಿತ್ತು. 1998ರಲ್ಲಿ ವಾಸ್ಕೊನ್ಸೆಲೋಸ್ ಮತ್ತು ಕುಬೊ ಜೊತೆ ಹೋಂಡಾ ಅದನ್ನು ಪ್ರೋಗ್ರಾಮಿಂಗ್ ಭಾಷೆಗೆ ಹೊಂದುವ ಹಾಗೆ ಬೆಳೆಸಿದರು.

ಗೋ ಭಾಷೆಯ ಚಾನೆಲ್ ನೋಡಿ. ಅದಕ್ಕೊಂದು ಟೈಪ್ ಇದೆ, ಇಂಟೀಜರ್ ಅಂತಲೋ ಸ್ಟ್ರಿಂಗ್ ಅಂತಲೋ. ಹುಟ್ಟಿನಿಂದ ಸಾಯುವ ತನಕ ಅದೇ. ಸೆಷನ್ ಟೈಪ್ ಇರುವ ಚಾನೆಲ್‌ನ ಟೈಪು ಪ್ರತಿ ಹೆಜ್ಜೆಗೂ ಬದಲಾಗುತ್ತದೆ. ನಿಮ್ಮ ಎಸ್ಸೆಮ್ಮೆಸ್ ಸಂಭಾಷಣೆಯನ್ನು ಹೀಗೆ ಬರೆಯಬಹುದು:

ಕಳಿಸು ನಂಬರ್ → ಪಡೆ '>' → ಕಳಿಸು ಮೆಸೇಜ್ → ಇವೆರಡರಲ್ಲಿ ಒಂದು ಬರುತ್ತದೆ: ಸರಿ, ಮುಗಿಯಿತು | ತಪ್ಪು, ಪಡೆ ಕೋಡ್, ಮುಗಿಯಿತು

ಮೋಡೆಮ್ ಕಡೆಯ ಟೈಪ್ ಇದರ ತಿರುವು. ಇಲ್ಲಿ ಕಳಿಸು ಇದ್ದಲ್ಲಿ ಅಲ್ಲಿ ಪಡೆ. ಇಲ್ಲಿ ಎರಡು ದಾರಿಗೂ ತಯಾರಿರಬೇಕು, ಅಲ್ಲಿ ಯಾವ ದಾರಿ ಅಂತ ಆರಿಸಬೇಕು. ಎರಡೂ ಕಡೆಯವರು ತಮ್ಮ ತಮ್ಮ ಟೈಪ್ ಪಾಲಿಸಿದರೆ ಒಬ್ಬರು ನಂಬರ್ ನಿರೀಕ್ಷಿಸುವಾಗ ಇನ್ನೊಬ್ಬರು ಮೆಸೇಜ್ ಕಳಿಸುವುದು ಸಾಧ್ಯವಿಲ್ಲ. '>' ಪಡೆದ ಮೇಲೆ ಚಾನೆಲ್‌ನ ಟೈಪ್ "ಕಳಿಸು ಮೆಸೇಜ್" ಆಗಿರುತ್ತದೆ. ಅಲ್ಲಿ ಸಿಗ್ನಲ್ ಕೇಳುವ ಕಮಾಂಡ್ ಹಾಕುವ ಫಂಕ್ಷನ್ನೇ ಇರುವುದಿಲ್ಲ.

ಈಗ ಓನರ್‌ಶಿಪ್ ಯಾಕೆ ಬೇಕು ನೋಡಿ. ಹಂತ ದಾಟಿದ ಮೇಲೂ ಹಳೇ ಹಂತದ ಒಂದು ಪ್ರತಿ ಯಾರದೋ ಕೈಯಲ್ಲಿ ಉಳಿದರೆ ಏನಾಗುತ್ತದೆ? ಅವರ ಟೈಪ್ ಇನ್ನೂ "ಕಮಾಂಡ್ ಕಳಿಸಬಹುದು" ಅನ್ನುತ್ತಿರುತ್ತದೆ. ಎಲ್ಲ ಕುಸಿಯಿತು. ಹಾಗಾಗಿ ಪ್ರತಿ ಹೆಜ್ಜೆಯೂ ಹಳೇ ಚಾನೆಲ್ಲನ್ನು ನುಂಗಿ ಹೊಸದನ್ನು ಕೊಡಬೇಕು. ಅದಕ್ಕೆ ಬೇಕಾದ ತರ್ಕ 1987ರಲ್ಲಿ ಜಿರಾರ್ ಕೊಟ್ಟ ಲೀನಿಯರ್ ಲಾಜಿಕ್: ಒಂದು ವಸ್ತುವನ್ನು ಒಮ್ಮೆ, ಒಮ್ಮೆ ಮಾತ್ರ ಬಳಸು. 2010ರಲ್ಲಿ ಕೈರೆಸ್ ಮತ್ತು ಫೆನಿಂಗ್ ಸೆಷನ್ ಟೈಪುಗಳೂ ಲೀನಿಯರ್ ಲಾಜಿಕ್ಕಿನ ವಾಕ್ಯಗಳೂ ಒಂದಕ್ಕೊಂದು ಹೊಂದುತ್ತವೆ ಅಂತ ತೋರಿಸಿದರು. ನೀವು ಯಾವುದು ಮದ್ದು ಅಂತ ಕೇಳಿದಿರಿ. ಓನರ್‌ಶಿಪ್ ನೆಲ, ಸೆಷನ್ ಟೈಪ್ ಅದರ ಮೇಲೆ ನಿಲ್ಲುತ್ತದೆ. ಸಿ ಭಾಷೆಯಲ್ಲಿ ನೆಲವೇ ಇಲ್ಲ. ಹಾಗಾಗಿ ಅಲ್ಲಿ ಸೆಷನ್ ಟೈಪ್ ಬರೀ ಶಿಸ್ತಾಗಿ ಉಳಿಯುತ್ತದೆ.

ಮಂಡ್ಯ_ಕೊನೇವರ್ಷ

ಸರ್, ಒಂದು ಡೌಟು. ನೀವು "ಒಮ್ಮೆ ಮಾತ್ರ" ಅಂದಿರಿ. ರಸ್ಟ್‌ನಲ್ಲಿ ಒಂದು ವಸ್ತುವನ್ನು ಬಳಸದೆಯೂ ಬಿಟ್ಟುಬಿಡಬಹುದಲ್ಲ? '>' ಬಂದ ಮೇಲೆ ಫಂಕ್ಷನ್ ಮಧ್ಯದಲ್ಲೇ ರಿಟರ್ನ್ ಆದರೆ ಕಂಟ್ರೋಲ್-ಝಡ್ ಯಾರು ಕಳಿಸುತ್ತಾರೆ?

ಗಂಗೋತ್ರಿ_ಮೇಷ್ಟ್ರು

ಒಳ್ಳೇ ಪ್ರಶ್ನೆ ಮರಿ. ರಸ್ಟ್‌ನ ನಿಯಮ "ಹೆಚ್ಚೆಂದರೆ ಒಮ್ಮೆ". ಅದನ್ನು ಅಫೈನ್ ಅನ್ನುತ್ತಾರೆ. ಲೀನಿಯರ್ ಅಂದರೆ ಬಳಸಲೇಬೇಕು. ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್ 9.0ರಲ್ಲಿ ಲೀನಿಯರ್ ಟೈಪ್ ತಂದಿತು. ರಸ್ಟ್‌ನಲ್ಲಿ ಅದಿಲ್ಲ. ಉಳಿದದ್ದನ್ನು ಏಡಿಯವರು ಹೇಳಲಿ.

ಕುವೆಂಪುನಗರ_ಏಡಿ

ಡ್ರಾಪ್ ಆಗುವಾಗ, ಅಂದರೆ ವಸ್ತುವಿನ ಬಾಳು ಮುಗಿದು ರಸ್ಟ್ ಅದನ್ನು ತೆಗೆಯುವಾಗ, ಎಸ್ಕೇಪ್ ಕಳಿಸಿದರೆ ಆಯಿತಲ್ಲ ಅಂತ ಮೊದಲು ಅನ್ನಿಸುತ್ತದೆ. ಎಸ್ಕೇಪ್ ಬಂದರೆ ಮೋಡೆಮ್ ಮೆಸೇಜ್ ಬಿಟ್ಟು ಕಮಾಂಡ್ ಸ್ಥಿತಿಗೆ ಮರಳುತ್ತದೆ, ನಿಜ. ಆದರೆ ಡ್ರಾಪ್ ಓಡಿಯೇ ತೀರುತ್ತದೆ ಅಂತ ನಂಬುವ ಹಾಗಿಲ್ಲ. ಇದರ ಹಿಂದೆ ಒಂದು ಕಥೆ ಇದೆ.

2015ರಲ್ಲಿ, 1.0 ಬಿಡುಗಡೆಗೆ ಕೆಲವೇ ವಾರ ಇದ್ದಾಗ, ರಸ್ಟ್‌ನಲ್ಲಿ ಸ್ಕೋಪ್ಡ್ ಥ್ರೆಡ್ ಅಂತ ಒಂದಿತ್ತು. ಥ್ರೆಡ್ ಶುರು ಮಾಡಿದರೆ ಒಂದು ಗಾರ್ಡ್ ಸಿಗುತ್ತಿತ್ತು. ಆ ಗಾರ್ಡ್ ಡ್ರಾಪ್ ಆಗುವಾಗ ಥ್ರೆಡ್ ಮುಗಿಯುವ ತನಕ ಕಾಯುತ್ತಿತ್ತು. ಆ ಧೈರ್ಯದ ಮೇಲೆ ಥ್ರೆಡ್‌ಗೆ ಸ್ಟ್ಯಾಕ್ ಮೇಲಿನ ಡೇಟಾವನ್ನು ಸಾಲ ಕೊಡುತ್ತಿದ್ದರು. ಆರ್‌ಸಿಗಳನ್ನು ಒಂದಕ್ಕೊಂದು ಸುತ್ತುಹಾಕಿ ಗಾರ್ಡನ್ನು ಅದರೊಳಗೆ ಸಿಕ್ಕಿಸಿಬಿಟ್ಟರೆ ಡ್ರಾಪ್ ಓಡುವುದೇ ಇಲ್ಲ ಅಂತ ಯಾರೋ ಕಂಡುಕೊಂಡರು. ಡೇಟಾ ಹೋಗಿರುತ್ತದೆ, ಥ್ರೆಡ್ ಇನ್ನೂ ಅದನ್ನು ಓದುತ್ತಿರುತ್ತದೆ. ಎಲ್ಲಾ ಸೇಫ್ ಕೋಡ್‌ನಲ್ಲೇ! ಕೊನೆಗೆ ಆ ಎಪಿಐಯನ್ನೇ ಕಿತ್ತುಹಾಕಿದರು. ಲೀಕ್ ಆಗುವುದು, ಅಂದರೆ ಡ್ರಾಪ್ ಓಡದೇ ಉಳಿಯುವುದು, ಸೇಫ್ ಅಂತ ಒಪ್ಪಿಕೊಂಡರು. ಸ್ಕೋಪ್ಡ್ ಥ್ರೆಡ್ ಸ್ಟ್ಯಾಂಡರ್ಡ್ ಲೈಬ್ರರಿಗೆ ವಾಪಸ್ ಬಂದದ್ದು 2022ರಲ್ಲಿ, 1.63ರಲ್ಲಿ. ಈ ಸಲ ಕ್ಲೋಶರ್ (ಲೈಬ್ರರಿಗೆ ಓಡಿಸಲು ಕೊಡುವ ಕೋಡ್ ತುಂಡು) ರೂಪದಲ್ಲಿ. ಗಾರ್ಡ್ ನಿಮ್ಮ ಕೈಗೆ ಬರುವುದೇ ಇಲ್ಲ. ನೀವು ಕೊಟ್ಟ ಕ್ಲೋಶರನ್ನು ಲೈಬ್ರರಿ ಓಡಿಸುತ್ತದೆ, ಕಾಯುವುದನ್ನೂ ಅದೇ ಮಾಡುತ್ತದೆ.

ಮೋಡೆಮ್‌ಗೂ ಅದೇ ಉಪಾಯ ನಡೆಯುತ್ತದೆ. ಎಸ್ಸೆಮ್ಮೆಸ್ ಫಂಕ್ಷನ್ ಒಂದು ಕ್ಲೋಶರ್ ಕೇಳಲಿ. ಅದಕ್ಕೆ "'>' ಬಂದಿದೆ" ಅನ್ನುವ ಟೋಕನ್ (ಯಾವ ಹಂತ ಅಂತ ತೋರಿಸುವ ಚೀಟಿ) ಕೊಡಲಿ. ಕ್ಲೋಶರ್ ವಾಪಸ್ ಕೊಡಬೇಕಾದ ಟೈಪ್ "ಮುಗಿಯಿತು" ಅಂತ ಇರಲಿ. "ಮುಗಿಯಿತು" ಸಿಗಲು ಎರಡೇ ದಾರಿ: ಕಂಟ್ರೋಲ್-ಝಡ್ ಕಳಿಸಿ ಉತ್ತರ ಪಡೆಯುವುದು, ಇಲ್ಲ ಎಸ್ಕೇಪ್ ಕಳಿಸಿ ಕೈಬಿಡುವುದು. ಎರಡೂ ಮಾಡದೆ ರಿಟರ್ನ್ ಆಗಲು ಟೈಪ್ ಬಿಡುವುದಿಲ್ಲ. ಪ್ಯಾನಿಕ್ ಆಗಬಹುದು (ತಪ್ಪು ಕಂಡು ಪ್ರೋಗ್ರಾಂ ನಿಂತುಬಿಡಬಹುದು), ಲೂಪಿನಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕೆ, ಪ್ರೋಗ್ರಾಂ ಸಿಕ್ಕಿಕೊಂಡರೆ ಚಿಪ್ ರೀಸೆಟ್ ಮಾಡುವ ವಾಚ್‌ಡಾಗ್ ಇದ್ದೇ ಇದೆ. ಈ ಟೋಕನ್‌ಗಳೆಲ್ಲ ಸೊನ್ನೆ ಬೈಟ್. ಕಂಪೈಲ್ ಆದ ಮೇಲೆ ಬೈನರಿಯಲ್ಲಿ ಅವುಗಳ ಗುರುತೂ ಇರುವುದಿಲ್ಲ.

ಹೂಟಗಳ್ಳಿ_ಸಿ

ಚೆನ್ನಾಗಿದೆ, ಒಪ್ಪಿದೆ. ಆದರೆ ಎರಡೂ ಕಡೆಯವರು ಟೈಪ್ ಪಾಲಿಸಿದರೆ ಅಂತ ಮೇಷ್ಟ್ರು ಎಷ್ಟು ಸಲೀಸಾಗಿ ಅಂದುಬಿಟ್ಟರು! ಆ ಸಿಮ್ ಮಾಡ್ಯೂಲ್ ಒಳಗಿನ ಫರ್ಮ್‌ವೇರ್ ನಿಮ್ಮ ಟೈಪ್ ಓದಿದೆಯಾ? 27.005 ಅನ್ನುವ 3ಜಿಪಿಪಿ (ಮೊಬೈಲ್ ಜಾಲದ ನಿಯಮ ಬರೆಯುವ ಒಕ್ಕೂಟ) ಸ್ಟ್ಯಾಂಡರ್ಡ್‌ನಲ್ಲಿ ಸಿಎಂಜಿಎಸ್ ಹೇಗಿರಬೇಕು ಅಂತ ಬರೆದಿದೆ, ಸರಿ. ಮಾಡ್ಯೂಲ್ ಮಾಡಿದವರು ಅದನ್ನು ಎಷ್ಟು ಪಾಲಿಸಿದ್ದಾರೆ ಅನ್ನುವುದು ಬೇರೆ ಮಾತು. ಒಂದು ಕಮಾಂಡ್‌ಗೆ ಉತ್ತರ ಕಾಯುತ್ತಿರುವಾಗ ಮಧ್ಯೆ "ರಿಂಗ್" ಅಂತ ಬರುತ್ತದೆ. ರೈತರ ಮಿಸ್ಡ್ ಕಾಲ್ ಅದೇ ತಾನೇ? ಹೊಸ ಮೆಸೇಜ್ ಬಂದಿದೆ ಅಂತ ಸಿಎಂಟಿಐ ಬರುತ್ತದೆ. ನಿಮ್ಮ ಸರದಿಯಲ್ಲಿ ಇವಕ್ಕೆ ಜಾಗ ಎಲ್ಲಿದೆ? '>' ಬಾರದೇ ಹೋದರೆ? ಟೈಪ್ ಸುಮ್ನೆ ಕಾಯುತ್ತಾ ಕೂರುತ್ತದಾ?

ಗಂಗೋತ್ರಿ_ಮೇಷ್ಟ್ರು

ಸಿ ಸಾಹೇಬರು ಸರಿಯಾದ ಜಾಗಕ್ಕೇ ಕೈಹಾಕಿದರು.

ಎದುರಿನವರು ನಮ್ಮ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅಲ್ಲದಿದ್ದರೆ ಟೈಪ್ ಕಾಯುವುದು ನಮ್ಮ ಅರ್ಧವನ್ನು ಮಾತ್ರ. ಇನ್ನರ್ಧವನ್ನು ಓಡುವಾಗ ಕಾಯಬೇಕು. ಇದೂ ಹಳೇ ವಿಷಯವೇ. 2008ರಲ್ಲಿ ಹೋಂಡಾ, ಯೋಶಿದಾ, ಕಾರ್ಬೊನೆ ಮೂವರು ಇಬ್ಬರ ಮಾತುಕತೆಯಿಂದ ಹಲವರ ಮಾತುಕತೆಗೆ ಹೋದರು. ಮೊದಲು ಇಡೀ ಸಂಭಾಷಣೆಯನ್ನು ಮೇಲಿನಿಂದ ಒಂದೇ ಟೈಪಾಗಿ ಬರೆಯುವುದು. ಆಮೇಲೆ ಅದರಿಂದ ಒಬ್ಬೊಬ್ಬರ ಪಾಲನ್ನು ಬೇರ್ಪಡಿಸುವುದು. ಸ್ಕ್ರಿಬಲ್ ಅನ್ನುವ ಪ್ರೋಟೋಕಾಲ್ ಭಾಷೆ ಇದರಿಂದ ಹುಟ್ಟಿತು. ಒಬ್ಬೊಬ್ಬರ ಪಾಲನ್ನು ಸ್ಟೇಟ್ ಮಷಿನ್ ಆಗಿ ಮಾಡಿ, ಬರುವ ಪ್ರತಿ ಸಂದೇಶವನ್ನು ಅದರ ಜೊತೆ ಹೋಲಿಸಿ ನೋಡಬಹುದು. ಅಮೆರಿಕದ ಓಷನ್ ಆಬ್ಸರ್ವೇಟರೀಸ್ ಇನಿಶಿಯೇಟಿವ್ ಸಮುದ್ರದಲ್ಲಿ ಇಟ್ಟ ಉಪಕರಣಗಳ ಜಾಲಕ್ಕೆ ಸ್ಕ್ರಿಬಲ್‌ನಿಂದ ಬಂದ ಇಂಥ ಮಾನಿಟರ್‌ಗಳನ್ನು ಕಟ್ಟಿದರು. ಕಳಿಸುವುದನ್ನು ಕಂಪೈಲರ್ ನೋಡಿಕೊಳ್ಳಲಿ, ಬರುವುದನ್ನು ಮಾನಿಟರ್ ನೋಡಿಕೊಳ್ಳಲಿ.

"ರಿಂಗ್" ವಿಷಯ: ತಂತಿ ಒಂದೇ ಆದರೂ ಅದರ ಮೇಲೆ ಎರಡು ಸಂಭಾಷಣೆ ನಡೆಯುತ್ತಿವೆ. ಒಂದು ನಾವು ಕೇಳಿ ಅವರು ಹೇಳುವುದು. ಇನ್ನೊಂದು ಅವರಾಗೇ ಹೇಳುವುದು. ಓದುವ ಟಾಸ್ಕ್ ಸಾಲುಗಳನ್ನು ಮೊದಲೇ ಬೇರ್ಪಡಿಸಿ ಎರಡು ಕ್ಯೂಗೆ ಹಾಕಲಿ. ಆಗ ಸೆಷನ್ ಟೈಪಿಗೆ ಕಾಣುವುದು ಮೊದಲನೆಯದು ಮಾತ್ರ.

ಸಮಯದ ಮಾತು ಬಂದರೆ ಮೂಲ ಸೆಷನ್ ಟೈಪಿಗೆ ಗಡಿಯಾರವೇ ಗೊತ್ತಿಲ್ಲ. ಗಡುವು ಸೇರಿಸಿದ ಟೈಪುಗಳು, ಮಧ್ಯದಲ್ಲಿ ಕೈಬಿಡುವುದಕ್ಕೂ ಜಾಗ ಕೊಡುವ ಟೈಪುಗಳು ಆಮೇಲೆ ಬಂದಿವೆ. ಮದ್ದೂರಿನವರಿಗೆ ಅಷ್ಟು ಬೇಡ. "ಪಡೆ '>'" ಅನ್ನುವ ಹೆಜ್ಜೆಗೆ ಇನ್ನೊಂದು ದಾರಿಯಾಗಿ "ಹೊತ್ತು ಮೀರಿತು" ಸೇರಿಸಿದರೆ ಸಾಕು. ಆ ದಾರಿಯೂ ಎಸ್ಕೇಪ್‌ಗೇ ಹೋಗಲಿ.

ಮಂಡ್ಯ_ಕೊನೇವರ್ಷ

ಡೆಡ್‌ಲಾಕ್, ಅಂದರೆ ಒಬ್ಬರಿಗೊಬ್ಬರು ಕಾಯುತ್ತಾ ಇಬ್ಬರೂ ನಿಂತುಬಿಡುವುದು, ಆಗಲ್ವಾ ಸರ್?

ಗಂಗೋತ್ರಿ_ಮೇಷ್ಟ್ರು

ಇಬ್ಬರ ನಡುವೆ ಒಂದೇ ಸೆಷನ್ ಇದ್ದರೆ ಆಗುವುದಿಲ್ಲ. ಒಬ್ಬ ಎರಡು ಸೆಷನ್ ಒಟ್ಟಿಗೆ ಹಿಡಿದು ಒಂದರ ಉತ್ತರಕ್ಕೆ ಇನ್ನೊಂದನ್ನು ಕಾಯಿಸಿದರೆ ಆಗಬಹುದು. ಕೈರೆಸ್-ಫೆನಿಂಗ್ ದಾರಿಯಲ್ಲಿ ಪ್ರೋಗ್ರಾಮುಗಳ ಸಂಪರ್ಕ ಮರದ ಹಾಗೆ ಕವಲೊಡೆಯುತ್ತದೆ, ಎಲ್ಲೂ ಸುತ್ತು ಬರುವುದಿಲ್ಲ. ಹಾಗಾಗಿ ಅಲ್ಲಿ ಡೆಡ್‌ಲಾಕ್ ಇಲ್ಲ. ರಸ್ಟ್ ತಾನಾಗಿ ಡೆಡ್‌ಲಾಕ್ ತಡೆಯುವುದಿಲ್ಲ. ಎರಡು ಮ್ಯೂಟೆಕ್ಸ್ ಅಡ್ಡಾದಿಡ್ಡಿ ಹಿಡಿದರೆ ಸೇಫ್ ಕೋಡ್ ಕೂಡ ನೇಣು ಹಾಕಿಕೊಳ್ಳುತ್ತದೆ.

ನಂಜನಗೂಡು_ಪ್ಯಾನೆಲ್

ನಾನು ಕೋಡ್ ಬರೆಯುವವನಲ್ಲ, ಪ್ಯಾನೆಲ್ ಬೋರ್ಡ್ ಕಟ್ಟುವವನು. ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ ಸ್ಟಾರ್ ಕಾಂಟ್ಯಾಕ್ಟರ್, ಡೆಲ್ಟಾ ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೂಡಿಸುವ ದೊಡ್ಡ ಸ್ವಿಚ್ಚುಗಳು) ಎರಡೂ ಒಟ್ಟಿಗೆ ಎಳೆದರೆ ಫೇಸ್‌ಗಳು ನೇರವಾಗಿ ಶಾರ್ಟ್. ನಿಮ್ಮ ಟೈಪ್ ಅದನ್ನೂ ತಡೆಯುತ್ತದೆ ಅನ್ನುವುದಾದರೆ ಎರಡೂ ಒಟ್ಟಿಗೆ ಎಳೆಯದ ಹಾಗೆ ತಡೆಯುವ ಇಂಟರ್‌ಲಾಕ್ ತೆಗೆದು ದುಡ್ಡು ಉಳಿಸೋಣ ಅಂತ ಯಾರಾದರೂ ಹೇಳುತ್ತಾರೆ. ಅದಕ್ಕೆ ಕೇಳುತ್ತಿದ್ದೇನೆ.

ಕುವೆಂಪುನಗರ_ಏಡಿ

ಖಂಡಿತಾ ತೆಗೆಯಬೇಡಿ ಅಣ್ಣ. "ಸ್ಟಾರ್", "ಎರಡೂ ಬಿಟ್ಟಿದೆ", "ಡೆಲ್ಟಾ" ಅಂತ ಮೂರು ಟೈಪ್ ಮಾಡಿ, ಸ್ಟಾರ್‌ನಿಂದ ನೇರ ಡೆಲ್ಟಾಗೆ ಹೋಗುವ ಫಂಕ್ಷನ್ ಇಡದಿದ್ದರೆ ಪ್ರೋಗ್ರಾಂ ಆ ತಪ್ಪು ಮಾಡಲ್ಲ. ಟೈಪ್‌ಸ್ಟೇಟ್ ಅಂತ ಇದಕ್ಕೆ ಹೆಸರು, 1986ರಲ್ಲಿ ಸ್ಟ್ರೋಮ್ ಮತ್ತು ಯೆಮಿನಿ ಹೇಳಿದ್ದು. ಆದರೆ ಸುಟ್ಟು ಅಂಟಿಕೊಂಡಿರುವ ಕಾಂಟ್ಯಾಕ್ಟರ್ ಟೈಪಿಗೆ ಕಾಣಲ್ಲ. ನಾವು "ಬಿಟ್ಟಿದೆ" ಅಂದುಕೊಂಡಿರುತ್ತೇವೆ, ಅಲ್ಲಿ ತಾಮ್ರ ಹಿಡಿದುಕೊಂಡಿರುತ್ತದೆ. ತಂತಿಯ ಇಂಟರ್‌ಲಾಕ್ ಇರಲೇಬೇಕು. ಆಕ್ಸಿಲರಿ ಕಾಂಟ್ಯಾಕ್ಟ್‌ನಿಂದ (ಕಾಂಟ್ಯಾಕ್ಟರ್ ಜೊತೆಗೇ ಚಲಿಸುವ ಚಿಕ್ಕ ಸ್ವಿಚ್) ಒಂದು ಫೀಡ್‌ಬ್ಯಾಕ್ ಕೊಟ್ಟರೆ ಇನ್ನೂ ಒಳ್ಳೇದು. ಅದನ್ನು ಓದಿ ನೋಡಿದ ಮೇಲೆ ಮಾತ್ರ "ಎರಡೂ ಬಿಟ್ಟಿದೆ" ಟೋಕನ್ ಹುಟ್ಟುವ ಹಾಗೆ ಮಾಡಬಹುದು.

ಮದ್ದೂರು_ಸ್ಟಾರ್ಟರ್

ಎಲ್ಲರಿಗೂ ಥ್ಯಾಂಕ್ಸ್. ಹೊಲದಲ್ಲಿ ಈಗಾಗಲೇ ಇರುವ ಬೋರ್ಡ್‌ಗಳಿಗೆ ಸಿ ಕೋಡೇ, ಹೂಟಗಳ್ಳಿ ಸರ್ ಹೇಳಿದ ಕ್ಯೂ ಜೊತೆ. ಹೊಸ ಬೋರ್ಡ್‌ನಲ್ಲಿ ಮೋಡೆಮ್ ಭಾಗವನ್ನು ಮಾತ್ರ ರಸ್ಟ್‌ನಲ್ಲಿ ಬರೆದು, ಆ ಕ್ಲೋಶರ್ ಉಪಾಯ ಹಾಕಿ ನೋಡುತ್ತೇವೆ. ಲೈಬ್ರರಿ ಬೇಡ ಅನ್ನಿಸುತ್ತದೆ, ಇರುವುದು ನಾಲ್ಕೈದು ಹಂತ. ಒಂದೇ ಚಿಂತೆ ಉಳಿದಿದೆ. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಜಾಸ್ತಿ. ಮೋಡೆಮ್‌ಗೆ ಚಿಕ್ಕ ಬ್ಯಾಟರಿ ಇದೆ, ಕಂಟ್ರೋಲರ್‌ಗೆ ಇಲ್ಲ. '>' ಬಂದ ಮೇಲೆ ಕಂಟ್ರೋಲರ್ ರೀಸೆಟ್ ಆದರೆ?

ಹೂಟಗಳ್ಳಿ_ಸಿ

ನಿಮ್ಮ ಪ್ರೋಗ್ರಾಂ ಹೊಸದಾಗಿ ಹುಟ್ಟಿ "ಮೋಡೆಮ್ ಸಿದ್ಧ" ಅಂದುಕೊಳ್ಳುತ್ತದೆ. ಮೋಡೆಮ್ ಇನ್ನೂ ಹಳೇ ಮೆಸೇಜಿಗೆ ಕಾಯುತ್ತಿರುತ್ತದೆ. ನೀವು ಶುರುವಿನಲ್ಲಿ ಹಾಕುವ ಕಮಾಂಡ್‌ಗಳೆಲ್ಲ ಆ ರೈತರ ಮೆಸೇಜಿಗೇ ಸೇರುತ್ತವೆ. ಟೈಪ್ ಎಲ್ಲಾ ಸರಿ ಇದ್ದೂ ಮೊದಲ ಹೆಜ್ಜೆಯೇ ಸುಳ್ಳು.

ಕುವೆಂಪುನಗರ_ಏಡಿ

ಸರ್ ಹೇಳಿದ್ದು ನೂರಕ್ಕೆ ನೂರು. "ಸಿದ್ಧ" ಟೋಕನ್ನನ್ನು ಸುಮ್ನೆ ಹುಟ್ಟಿಸಲು ಬಿಡಬೇಡಿ. ಬೂಟ್ ಆದಾಗ ಕೈಗೆ ಸಿಗುವ ಟೈಪ್ "ಸ್ಥಿತಿ ಗೊತ್ತಿಲ್ಲ" ಅಂತ ಇರಲಿ. ಅದರಲ್ಲಿ ಒಂದೇ ಫಂಕ್ಷನ್: ಮೊದಲು ಎಸ್ಕೇಪ್ ಕಳಿಸು, ಬಂದ ಕಸವನ್ನೆಲ್ಲ ಓದಿ ಬಿಸಾಕು, ಬರೀ ಎಟಿ ಕಳಿಸಿ ಓಕೆ ಬರುವ ತನಕ ಪ್ರಯತ್ನಿಸು. ಓಕೆ ಬಂದರೆ "ಸಿದ್ಧ" ಕೊಡು. ಬಾರದಿದ್ದರೆ ಮೋಡೆಮ್‌ನ ಪವರ್ ಪಿನ್ ಎಳೆದು ಮತ್ತೆ ಶುರು.

ಮದ್ದೂರು_ಸ್ಟಾರ್ಟರ್

ಎಸ್ಕೇಪ್ ಮೊದಲು ಕಳಿಸುವುದು ಸಿ ಕೋಡ್‌ಗೂ ಒಂದೇ ಸಾಲು. ಅದನ್ನು ಈ ಬಿಡುಗಡೆಯಲ್ಲೇ ಹಾಕುತ್ತೇವೆ. ನಂಜನಗೂಡಿನ ಅಣ್ಣ, ಆಕ್ಸಿಲರಿ ಕಾಂಟ್ಯಾಕ್ಟ್ ಇರುವ ಕಾಂಟ್ಯಾಕ್ಟರ್‌ಗೆ ಎಷ್ಟು ಜಾಸ್ತಿ ಆಗುತ್ತದೆ ಅಂತ ಒಂದು ಮೆಸೇಜ್ ಹಾಕಿ.